ಯಾರ ತಲೆಯೂ ದುಂಡಗಿಲ್ಲ

ಮೊದಲು ಇದು ತಿಳಿದಿರಲಿ, ಅನ್ನುತ್ತಿದ್ದ ಎವಾಸಿಯೊ ಮಾವ,
ಯಾರ ತಲೆಯೂ ದುಂಡಗಿಲ್ಲ.
ಪಾದ್ರಿಯದು ಬೇಯಿಸಿದ ಆಲೂಗಡ್ಡೆ,
ಬ್ಯಾಂಕಿನವನದು ಎಡಗಡೆ ತುಸು ಉಬ್ಬು,
ನಿನ್ನದು, ಇಲ್ಡಾ, ಹಿಂದೆ ಚಪ್ಪಟೆ,
ತೊಟ್ಟಿಲಲ್ಲಿ ಬಹಳ ಹೊತ್ತು ಬಿಟ್ಟಿದ್ದರು.

ಅಳೆಯಲು ಒಂದು ಯಂತ್ರವಿದೆ: ಕರಿಮರದ ಕಿರೀಟ,
ಸುತ್ತಲೂ ಸ್ಪ್ರಿಂಗಿನ ಕಡ್ಡಿಗಳು.
ತಲೆಗಿಟ್ಟು ಮುಚ್ಚಳ ಒತ್ತಿದರೆ
ಕಾಗದದಲ್ಲಿ ಸೂಜಿ ಚುಚ್ಚಿ
ಅಂಗೈಯಗಲದ ನಕ್ಷೆ ಮೂಡುತ್ತದೆ,
ಯಾವುದೋ ದ್ವೀಪದ ದಡದಂತೆ.
ಗೋಡೆಯ ಡ್ರಾಯರುಗಳಲ್ಲಿ ಅಂಥ ಸಾವಿರ ದ್ವೀಪ.
ಮುಕ್ಕಾಲು ಪಾಲು ಮುಳುಗಿವೆ,
ಹೋದ ವರ್ಷ ಮಾವನದೂ.

ಚೆರ್ವೊ ಹೊಳೆಯ ನೀರು ಮೆದು,
ಆಲ್ಪ್ಸ್ ಹಿಮ ಕರಗಿ ನೆಟ್ಟಗೆ ನಮ್ಮ ಹಂಡೆಗೆ.
ಮೊಲದ ತುಪ್ಪಳ ಮೊದಲು ಗಾಳಿಯಲ್ಲಿ ಏಳುತ್ತದೆ,
ಆಮೇಲೆ ತಾಮ್ರದ ಶಂಕುವಿನ ಮೇಲೆ ಇಬ್ಬನಿಯಂತೆ ಕೂರುತ್ತದೆ.
ಬಿಡಿಸಿದರೆ ಇಗರ್ಜಿಯ ಗಂಟೆಯಷ್ಟು ದೊಡ್ಡದು,
ಉಸಿರು ಬಿಟ್ಟರೆ ಹರಿದೀತು.
ಬಿಸಿನೀರು, ಉರುಳಿಸು, ಮಡಿಚು,
ಮತ್ತೆ ಬಿಸಿನೀರು, ಉರುಳಿಸು,
ಮೂರು ಪಾಲು ಇದ್ದದ್ದು ಒಂದು ಪಾಲಾಗುವ ತನಕ.
ಕುಗ್ಗಿದಷ್ಟೂ ಗಟ್ಟಿ.
ಮಾವ ಇದನ್ನು ಗಾದೆಯಾಗಿ ಹೇಳಿದ್ದಲ್ಲ,
ತನ್ನ ಬೆನ್ನುನೋವಿಗೆ ಕಾರಣವಾಗಿ ಹೇಳಿದ್ದು.

ಅವನ ಅಜ್ಜನ ಕಾಲಕ್ಕೆ ತುಪ್ಪಳಕ್ಕೆ ಪಾದರಸ ಸವರುತ್ತಿದ್ದರು.
ಅಜ್ಜನ ಕೈ ನಡುಗಿ ನಡುಗಿ
ಸೂಪಿನ ಚಮಚ ಬಾಯಿ ಮುಟ್ಟುತ್ತಿರಲಿಲ್ಲ.
ಅಜ್ಜಿ ಪೊಲೆಂತಾವನ್ನು ಗಟ್ಟಿಯಾಗಿ ಕುದಿಸಿ
ದಾರದಲ್ಲಿ ಕೊಯ್ದು ಅವನ ಮುಷ್ಟಿಗೆ ಇಡುತ್ತಿದ್ದಳು.
ಆ ಚಿತ್ರ ಅಂಗಡಿಯ ಗೋಡೆಯಲ್ಲಿಲ್ಲ,
ಗಿರಾಕಿಗಳಿಗೆ ಹೇಳುವ ಕಥೆಯಲ್ಲೂ ಇಲ್ಲ.
ಎಷ್ಟು ತಲೆಮಾರಿನ ಕಸುಬು ಎಂದು ಯಾರಾದರೂ ಕೇಳಿದಾಗ
ನನಗೆ ತಲೆ ನೆನಪಾಗುವುದಿಲ್ಲ,
ಆ ದಾರ ನೆನಪಾಗುತ್ತದೆ.

ಅರವತ್ತು ವರ್ಷ ಊರಿಗೆಲ್ಲ ಟೋಪಿ ಹಾಕಿದ,
ಒಬ್ಬರಿಗೂ ಮೋಸ ಮಾಡಲಿಲ್ಲ ಮಾವ.
ಒಮ್ಮೆ ಮಾತ್ರ ಮೊಲವನ್ನು ಬೀವರ್ ಎಂದು ಮೇಯರಿಗೆ ಮಾರಿದ.
ಅದು ಚುನಾವಣೆಯ ವರ್ಷ, ಲೆಕ್ಕಕ್ಕಿಲ್ಲ.

ನನ್ನದು ಒಳಗಿನ ಕೆಲಸ.
ಹಣೆಗೆ ತಾಗುವ ಚರ್ಮದ ಪಟ್ಟಿ ಹೊಲಿಯುತ್ತೇನೆ,
ಯಾರೂ ನೋಡದ ಕಡೆ ಇಂಚಿಗೆ ಹನ್ನೆರಡು ಹೊಲಿಗೆ.

ಮಂಜು ಹೊಸ್ತಿಲ ತನಕ ಬಂದಿದ್ದ ಒಂದು ನವೆಂಬರ್ ಮಧ್ಯಾಹ್ನ
ಬಸ್ಸು ಓಡಿಸುವ ಹುಡುಗಿ, ಸಮವಸ್ತ್ರದಲ್ಲೇ,
ಪ್ಲಾಸ್ಟಿಕ್ ಚೀಲದಿಂದ ಬೂದು ಟೋಪಿ ತೆಗೆದಳು.
ಗಡಿಯಾರ ರಿಪೇರಿಯ ಪ್ಲಾಚಿದೊನದು. ಅವಳ ಅಜ್ಜ.
ನನ್ನ ತಲೆಗೆ ಸರಿಮಾಡಿ, ಅಂದಳು.

ಪಟ್ಟಿ ಬಿಚ್ಚಿದೆ. ಒಳಗೆ ಪತ್ರಿಕೆಯ ಮಡಿಕೆಗಳು.
ವಯಸ್ಸಾದಂತೆ ಕೂದಲು ಹೋಗುತ್ತದೆ, ಟೋಪಿ ಹುಬ್ಬಿಗಿಳಿಯುತ್ತದೆ,
ಹೊಸದು ಕೊಳ್ಳದವರು ಕಾಗದ ತುರುಕುತ್ತಾರೆ.
ಎಲ್ಲಕ್ಕಿಂತ ಅಡಿಯಲ್ಲಿ ಹಾಲಿನ ಬೆಲೆ, ಲೀರಾದಲ್ಲಿ.
ಅದರ ಮೇಲೆ ಹೊಳೆ ಉಕ್ಕಿದ ಸುದ್ದಿ, ಅರ್ಧ ಸೇತುವೆ.
ಒಂದು ಸೈಕಲ್ ರೇಸು.
ಒಂದು ಪದಬಂಧ, ಎರಡು ಸಾಲು ಖಾಲಿ.
ಕೊನೆಯದು ಇನ್ನೂ ಬಿಳಿ: ಹೆಂಡತಿಯ ನಿಧನವಾರ್ತೆ,
ಅವಳ ಮುಖ ಹಣೆಯ ಕಡೆ ಬರುವಂತೆ ಮಡಿಚಿದ್ದ.

ಮೇಜಿನ ಮೇಲೆ ಸಾಲಾಗಿ ಇಟ್ಟೆ.
ಹುಡುಗಿ ಏನೂ ಅನ್ನಲಿಲ್ಲ,
ಜಡೆ ಬಿಚ್ಚಿ ಮೇಲೆತ್ತಿ ಸುತ್ತಿ ಟೋಪಿ ಇಟ್ಟುಕೊಂಡಳು.
ಐದು ಮಡಿಕೆಯ ಜಾಗ ಕೂದಲಿಗೇ ಹಿಡಿಯಿತು,
ಎಡಗಿವಿಯ ಮೇಲೊಂದು ಎಳೆಯಷ್ಟು ಸಡಿಲ.

ಪದಬಂಧ ವಾಪಸ್ಸು ಇಡಿ, ಅಂದಳು,
ಆ ಎರಡು ಸಾಲು ನನಗೆ ಗೊತ್ತು.

ಏನೆಂದು ನಾನು ಕೇಳಲಿಲ್ಲ. ಹೊಲಿದೆ.
ಅಜ್ಜಿಯ ಮುಖವನ್ನು ಅಂಗಿಯ ಜೇಬಿಗೆ ಸೇರಿಸಿ
ಅವಸರದಲ್ಲಿ ಹೊರಟಳು, ನಾಲ್ಕೂ ಹತ್ತರ ಬಸ್ಸು ಅವಳದೇ.
ಹಾಲು, ಹೊಳೆ, ಸೈಕಲ್ಲು
ಈಗಲೂ ನನ್ನ ಸೂಜಿಡಬ್ಬಿಯ ಕೆಳಗಿವೆ.
ಮಂಜಿನಲ್ಲಿ ಮೊದಲು ಟೋಪಿ ಕರಗಿತು, ಅದೇ ಬಣ್ಣ,
ಆಮೇಲೆ ಅವಳು.